ಹಗೇವಿನಿಂದ ಎದ್ದ ಕಾರು

ಪೂರ್ವದಲ್ಲಿ ಈಗಷ್ಟೇ ಬಿಳುಪು ಮೂಡುತ್ತಿದೆ. ಕುಂದಾಣದ ಕೇರಿಯ ಹಿಂದಿನ ದಿಬ್ಬದ ಮೇಲೆ ಮುನಿರಾಮಯ್ಯ ಬೋರಲು ಮಲಗಿ, ಹಗೇವಿನ ಬಾಯೊಳಗೆ ಹಗ್ಗ ಕಟ್ಟಿದ ಲಾಂದ್ರವನ್ನು ಇಳಿಬಿಡುತ್ತಿದ್ದಾರೆ. ಗಟ್ಟಿ ಮಣ್ಣಿನಲ್ಲಿ ತೋಡಿ ರಾಗಿ ತುಂಬಿಡುವ ಗುಂಡಿ ಅದು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ನಿನ್ನೆ ಮಧ್ಯಾಹ್ನವೇ ಬಾಯಿ ಚಪ್ಪಡಿ ಸರಿಸಿಟ್ಟಿದ್ದರೂ, ದೀಪ ಇಳಿಸಿ ನೋಡದೆ ಯಾರೂ ಒಳಗೆ ಕಾಲಿಡುವುದಿಲ್ಲ.

"ಉರೀತಾ ಐತಾ?" ಹಿಂದೆ ನಿಂತ ಹೆಂಡತಿ ಮುನಿಗಂಗಮ್ಮ ಕೇಳುತ್ತಾರೆ.

"ಉರೀತೈತೆ."

"ಇನ್ನೊಂದು ಗಳಿಗೆ ತಡಿ. ಒಳಗೆ ನೀನು ಬಿದ್ರೆ ಎತ್ತಾಕೆ ನಂಗೆ ಶಕ್ತಿ ಇಲ್ಲ. ನಿನ್ನ ಕಾರು ಕೇಳಿದ್ದ ಆ ದಂಡಿನ ಕ್ಯಾಪ್ಟನ್ನನ್ನೇ ಸೀಮೆಯಿಂದ ಕರೆಸ್ಬೇಕಾಗ್ತದೆ."

ಮುನಿರಾಮಯ್ಯ ನಕ್ಕು, ಹಗ್ಗ ಹಿಡಿದು ಇಳಿಯುತ್ತಾರೆ. ಒಂದೊಂದಾಗಿ ಹನ್ನೊಂದು ಮೂಟೆಗಳು ಮೇಲೆ ಬರುತ್ತವೆ. ಯಾವುದರಲ್ಲಿಯೂ ರಾಗಿ ಇಲ್ಲ. ಗೋಣಿ ಬಿಚ್ಚಿದರೆ ಹರಳೆಣ್ಣೆ ಬಳಿದ ಕಬ್ಬಿಣ. ಏಳು ವರ್ಷದ ಹಿಂದೆ ಒಂದು ಮೋಟಾರು ಕಾರಿನಿಂದ ಬಿಚ್ಚಿ ಬಚ್ಚಿಟ್ಟ ಅಸಲಿ ಸಾಮಾನು.

ಮುನಿರಾಮಯ್ಯನವರಿಗೆ ಈಗ ನಲವತ್ತನಾಲ್ಕು ವರ್ಷ. ಹದಿಮೂರರಲ್ಲಿ ದಂಡಿನ ಸಾಹೇಬರೊಬ್ಬರ ಬಂಗಲೆಯಲ್ಲಿ ಕಾರು ತೊಳೆಯಲು ಸೇರಿದವರು, ಅಲ್ಲಿನ ಮೇಸ್ತ್ರಿ ಕೆಲಸ ಮಾಡುವುದನ್ನು ನೋಡಿ ನೋಡಿಯೇ ಎಂಜಿನ್ನು ಕಲಿತವರು. ಅಕ್ಷರ ಬಾರದು. ಯಾವ ಸಾಮಾನು ಎಲ್ಲಿಯದು ಎಂಬುದನ್ನು ದಾರದ ಗಂಟಿನಲ್ಲಿ ಗುರುತಿಡುತ್ತಾರೆ: ಒಂದು ಗಂಟು ಮುಂದಿನ ಎಡಕ್ಕೆ, ಎರಡು ಗಂಟು ಮುಂದಿನ ಬಲಕ್ಕೆ. ದಿನವೂ ಕೋಳಿ ಕೂಗುವ ಹೊತ್ತಿಗೆ ದೇವನಹಳ್ಳಿಗೆ ನಡೆದು, ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಿಂದ ಓಡುವ ಎರಡು ಬಸ್ಸುಗಳ ಒಲೆ ಕೆರೆದು, ಮಸಿ ತೆಗೆದು ಓಡುವಂತೆ ಮಾಡುತ್ತಾರೆ. ಬಸ್ಸೊಂದಕ್ಕೆ ಆರಾಣೆ. ಆಮೇಲೆ ಹೆಗಲಿಗೆ ಹದಿನೈದು ಸೇರು ತೂಕದ ಸಲಕರಣೆ ಚೀಲ ಏರಿಸಿ, ಕರೆ ಬಂದ ಊರಿಗೆ ಕಾಲ್ನಡಿಗೆ. ಕೆಲವು ದಿನ ಹತ್ತು ಮೈಲಿ, ಕೆಲವು ದಿನ ಹದಿನಾಲ್ಕು.

ಹೋದಲ್ಲಿ ಕೆಲಸ ಹಿತ್ತಿಲಿನಲ್ಲಿ. ಗೌಡರ ಕಾರು ಕೆಟ್ಟರೆ ಅದನ್ನು ಹಿಂದಕ್ಕೆ ತಳ್ಳಿಸಿ, ತಿಪ್ಪೆಯ ಪಕ್ಕ ನಿಲ್ಲಿಸುತ್ತಾರೆ. ಮುನಿರಾಮಯ್ಯ ಅದರ ಕೆಳಗೆ ಮಲಗಿ ಇಡೀ ದಿನ ದುಡಿದರೂ ಕೈ ತೊಳೆಯಲು ಬಾವಿಯ ಹತ್ತಿರ ಹೋಗುವಂತಿಲ್ಲ. ಯಾರಾದರೂ ಮೇಲಿನಿಂದ ನೀರು ಹುಯ್ಯುವ ತನಕ ಕಾಯಬೇಕು.

"ಗಾಡಿಯಿಂದ ಒಂದು ವಾಷರ್ ಬಿಚ್ಚಿದ್ರೂ ಎತ್ತಿ ತೋರ್ಸಿ, ಬಟ್ಟೇಲಿ ಕಟ್ಟಿ ಅವ್ರ ಕೈಗೇ ಕೊಟ್ಟು ಬರ್ತೀನಿ," ಎನ್ನುತ್ತಾರೆ. "ನಾಳೆ ಆ ಮನೇಲಿ ಒಂದು ಚೊಂಬು ಕಳೆದ್ರೂ ಮೊದ್ಲು ನೆನಪಾಗೋ ಹೆಸ್ರು ನಂದೇ ಅಲ್ವಾ?"

ಹಾಗೆ ಬೆಳೆದ ಅಭ್ಯಾಸ ಕೈಬಿಡಲಿಲ್ಲ. ತಮ್ಮದೇ ಕಾರು ಸಿಕ್ಕಾಗಲೂ ಅದರಿಂದ ಬಿಚ್ಚಿದ ಒಂದು ಮೊಳೆಯನ್ನೂ ಅವರು ಬಿಸಾಡಲಿಲ್ಲ.

ಆ ಕಾರಿನ ಕಥೆ ಶುರುವಾದದ್ದು ಮೂವತ್ತೊಂಬತ್ತರಲ್ಲಿ, ಯುದ್ಧ ಹತ್ತಿದ ವರ್ಷ. ಚಿಕ್ಕಜಾಲದ ತಿರುವಿನಲ್ಲಿ ಒಬ್ಬ ಸಾಹೇಬನ ಎಂಟು ಸಿಲಿಂಡರಿನ ಫೋರ್ಡು ಹಳ್ಳಕ್ಕೆ ಉರುಳಿತು. ಎತ್ತಿಸುವ ಖರ್ಚು ಬೇಡವೆಂದು ಸಾಹೇಬ ಅದನ್ನು ನೂರಹತ್ತು ರೂಪಾಯಿಗೆ ಮಾರಿಬಿಟ್ಟ. ಮುನಿಗಂಗಮ್ಮನ ಕಾಲ್ಕಡಗ ಮಾರಿ ಮುನಿರಾಮಯ್ಯ ಅದನ್ನು ಕೊಂಡರು. ನಾಲ್ಕು ಜೊತೆ ಎತ್ತು ಕಟ್ಟಿ ಊರಿಗೆ ಎಳೆಸಿದರು.

ಸರಿ ಮಾಡಿ ಬಾಡಿಗೆಗೆ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಿತ್ತಿಲುಗಳಲ್ಲಿ ಮಾಡಲಾಗದ ಕೆಲಸವೆಲ್ಲ ಈ ಒಂದು ಕಾರಿನ ಮೇಲೆ ಇಳಿಯಿತು. ಓಟ ಹೆಚ್ಚಲೆಂದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಂದು ಇದ್ದ ಕಡೆ ಎರಡು ಕೂರಿಸಿದರು. ಇನ್ನೊಂದು ಮುರುಕು ಕಾರಿನಿಂದ ಎಂಜಿನ್ನಿನ ತಲೆಗಳನ್ನು, ಎಂದರೆ ಸಿಲಿಂಡರುಗಳ ಮೇಲಿನ ಮುಚ್ಚಳಗಳನ್ನು, ತಂದು, ಗಾಜಿನ ಹಲಗೆಯ ಮೇಲಿಟ್ಟು, ಎರಡು ತಿಂಗಳು ಅರದಲ್ಲಿ ಉಜ್ಜಿ ತೆಳುಮಾಡಿ ಹಾಕಿದರು. ಆ ಓಟವನ್ನು ತಡೆದು ನಿಲ್ಲಿಸಲು ಲಾರಿಯ ದೊಡ್ಡ ಬ್ರೇಕ್ ಡ್ರಮ್ಮು, ಎಂದರೆ ಚಕ್ರದೊಳಗೆ ಬ್ರೇಕು ಒತ್ತುವ ಕಬ್ಬಿಣದ ಬೋಗುಣಿ, ಅದಕ್ಕೆ ತಕ್ಕ ಚಕ್ರ. ಭಾರ ಕಡಿಮೆಯಾಗಲೆಂದು ಹಿಂದಿನ ಸೀಟು ಕಿತ್ತು ಮನೆಗೆ ತಂದರು. ಅದರ ಮೇಲೆ ಅವರ ಅತ್ತೆ ಸಪ್ಪಲಮ್ಮ ಮಲಗತೊಡಗಿದರು.

ಬಳ್ಳಾರಿ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುವ ಗಾಡಿ ಇರಲಿಲ್ಲ. ದೇವನಹಳ್ಳಿಯಿಂದ ಯಲಹಂಕಕ್ಕೆ ದಂಡಿನ ಒಬ್ಬ ಕ್ಯಾಪ್ಟನ್ ಪಂದ್ಯ ಕಟ್ಟಿ ಸೋತ. ಇಳಿದು ಬಂದು ಕೈ ಕುಲುಕಿ, ಎರಡು ಸಾವಿರ ಕೊಡುತ್ತೇನೆಂದ. ಮುನಿರಾಮಯ್ಯ ಒಲ್ಲೆ ಎಂದರು. ಅದು ನಲವತ್ತನಾಲ್ಕನೇ ಇಸವಿ.

"ಎರಡು ಸಾವ್ರ! ನಿಂತ ನಿಲುವಿನಲ್ಲಿ!" ಮುನಿಗಂಗಮ್ಮ ಇವತ್ತಿಗೂ ದಿನಕ್ಕೊಂದು ಸಲ ಅದನ್ನು ಎತ್ತುತ್ತಾರೆ. "ಇವ್ರು ಅವನಿಗೆ ಸಲಾಮು ಹೊಡೆದು ಬಂದ್ಬಿಟ್ರು. ಕಾಲ್ಕಡಗ ಅವ್ರದ್ದಾಗಿದ್ರೆ ಗೊತ್ತಾಗ್ತಿತ್ತು."

ಯುದ್ಧ ಮುಗಿದು ವರ್ಷವಾಗಿದೆ. ಕ್ಯಾಪ್ಟನ್ನರು ಹಡಗು ಹತ್ತುತ್ತಿದ್ದಾರೆ. ಅವರ ದಂಡಿನ ಕಾರ್ಖಾನೆಗಳ ಸಾಮಾನು ಹರಾಜಾಗುತ್ತಿದೆ. ಯಲಹಂಕದ ಹತ್ತಿರ ಅದನ್ನೆಲ್ಲ ಸಗಟು ಕೊಂಡು ಗುಡ್ಡೆ ಹಾಕಿರುವ ಬೈರಣ್ಣನ ಅಂಗಳದಲ್ಲಿ ಮುನಿರಾಮಯ್ಯ ಒಂದು ಲೇತ್ ಕಂಡರು. ಕಬ್ಬಿಣವನ್ನು ತಿರುಗಿಸಿ, ಸವರಿ, ಬೇಕಾದ ಅಳತೆಗೆ ತರುವ ಯಂತ್ರ. ಸಾವಿರದ ಮುನ್ನೂರು ರೂಪಾಯಿ. ಅದೊಂದಿದ್ದರೆ ಕೇರಿಯ ಬಾಯಲ್ಲೇ ಒಂದು ತಗಡಿನ ಷೆಡ್ಡು ಹಾಕಿ ಕೂರಬಹುದು. ಹಿತ್ತಿಲಿನಿಂದ ಹಿತ್ತಿಲಿಗೆ ಚೀಲ ಹೊರುವುದು ತಪ್ಪುತ್ತದೆ.

"ಮುಂದಿನ ಅಮಾವಾಸ್ಯೆ ತನಕ ಇಟ್ಟಿರ್ತೀನಿ," ಎಂದ ಬೈರಣ್ಣ. "ಆಮೇಲೆ ತುಮಕೂರಿನೋರು ಎತ್ಕೊಂಡು ಹೋಗ್ತಾರೆ. ನನ್ನ ಬೈಬ್ಯಾಡ."

ಮಾರಲು ಇರುವುದು ಕಾರೊಂದೇ. ನೋಡಲು ಏಳು ಜನ ಬಂದರು. ಎಲ್ಲರೂ ಬಾಯಿ ತೆರೆದು ಹೊಗಳಿದರು, ಐನೂರಕ್ಕಿಂತ ಮೇಲೆ ಯಾರೂ ಏರಲಿಲ್ಲ. ಆ ಓಟ ಬೇಕಿದ್ದವರು ಹಡಗಿನಲ್ಲಿದ್ದರು. ಇಲ್ಲಿರುವವರಿಗೆ ಬೇಕಿದ್ದದ್ದು ಮದುವೆ, ಕೋರ್ಟು, ಆಸ್ಪತ್ರೆಗೆ ಹೋಗಿಬರುವ ಕಾರು. ಬೂದಿಗೆರೆಯ ಗೌಡ, ಜಮೀನ್ದಾರ ಪಿಳ್ಳಪ್ಪನವರು ಅದನ್ನು ಬಾಯಿಬಿಟ್ಟೇ ಹೇಳಿದರು.

"ಲೇ ಮುನಿಯಾ, ಇದು ಕಾರಲ್ಲ, ಹುಚ್ಚು ಕುದುರೆ. ನೀನೊಬ್ನೇ ಹತ್ತಬೇಕು. ಒಳಗೆ ಏನೇನು ಕುಯ್ದಿದೀಯೋ, ಯಾರಿಗೆ ಗೊತ್ತು? ಕಂಪನಿಯೋರು ಹೆಂಗೆ ಮಾಡಿದ್ರೋ ಹಂಗೇ ಇದ್ದಿದ್ರೆ ಸಾವಿರದ ನೂರು ಕೊಡ್ತಿದ್ದೆ."

"ಹಂಗೇ ಮಾಡಿಕೊಟ್ರೆ ತಗೊಳ್ತೀರಾ, ಬುದ್ದೀ?"

"ಕುಯ್ದಿದ್ದನ್ನ ಮತ್ತೆ ಹೆಂಗೋ ಅಂಟಿಸ್ತೀಯ?"

"ಕಂಪನಿಯದ್ದು ಒಂದನ್ನೂ ಕುಯ್ದಿಲ್ಲ. ಎಲ್ಲಾ ಹಗೇವಿನಲ್ಲೈತೆ."

ಆ ಮಾತಿನ ಹಿಂದೆಯೇ ಈ ಮುಂಜಾವು ಬಂದಿದೆ. ದಿಬ್ಬದ ಮೇಲೆ ಹನ್ನೊಂದು ಮೂಟೆ ಸಾಲಾಗಿವೆ. ಮುನಿರಾಮಯ್ಯ ದಾರದ ಗಂಟು ಎಣಿಸುತ್ತಾ ಬಿಚ್ಚುತ್ತಾರೆ. ಎಂಜಿನ್ನಿನ ಅಸಲು ತಲೆಗಳು ನಿನ್ನೆ ಬಿಚ್ಚಿದಂತಿವೆ. ಸ್ಪ್ರಿಂಗು, ಚಕ್ರ, ಹಿಂದಿನ ಡ್ರಮ್ಮು ಎಲ್ಲ ಲಾಂದ್ರದ ಬೆಳಕಿಗೆ ಮಿನುಗುತ್ತವೆ. ಕೊನೆಯ ಎರಡು ಮೂಟೆಗೆ ಕೈ ಹಾಕಿದಾಗ ಗೋಣಿ ಕೈಯಲ್ಲೇ ಪುಡಿಯಾಗುತ್ತದೆ.

ಮುಂದಿನ ಎರಡು ಡ್ರಮ್ಮು. ಒಳಗೋಡೆಯ ತುಂಬ ಕೆಂಪು ತುಕ್ಕು, ಸಿಡುಬಿನ ಕಲೆಯ ಹಾಗೆ ಗುಳಿಗಳು.

ಮುನಿರಾಮಯ್ಯ ಗೋಣಿಯ ಚೂರನ್ನು ನಾಲಗೆಗೆ ತಾಗಿಸಿ ನೋಡುತ್ತಾರೆ. ಉಪ್ಪು. ರಾಗಿಯ ಗೋಣಿ ತೆಳುವೆಂದು, ದಪ್ಪ ಕಂಡ ಉಪ್ಪಿನ ಮೂಟೆಯ ಗೋಣಿಯನ್ನು ಅಂದು ಆರಿಸಿಕೊಂಡದ್ದು ಅವರೇ. ಭಾರದ ಸಾಮಾನು, ಗಟ್ಟಿ ಗೋಣಿ ಇರಲಿ ಎಂದು.

"ಬರೀ ಎರಡು ತಾನೆ?" ಮುನಿಗಂಗಮ್ಮ ಕೇಳುತ್ತಾರೆ.

"ಎರಡೇ. ಕಂಪನಿಯ ಚಕ್ರ ಕೂರೋದು ಈ ಡ್ರಮ್ಮಿನ ಮೇಲೇ ಕಣೇ. ಇದಿಲ್ದೆ ಕಾರು ನಿಲ್ಲಲ್ಲ."

"ಉಜ್ಜು."

"ಕೈಯಲ್ಲಿ ಉಜ್ಜಿದ್ರೆ ಗುಂಡಗೆ ಬರಲ್ಲ. ಲೇತಿಗೆ ಹಾಕಿ ಸವರ್ಬೇಕು."

ಲೇತ್ ಬರಬೇಕಾದರೆ ಕಾರು ಮಾರಬೇಕು. ಕಾರು ಮಾರಬೇಕಾದರೆ ಲೇತ್ ಬೇಕು. ಅಮಾವಾಸ್ಯೆಗೆ ಉಳಿದಿರುವುದು ಒಂಬತ್ತು ದಿನ.

ಮಾರನೆಯ ಬೆಳಗ್ಗೆ ಗಂಡಹೆಂಡಿರು ತಲೆಯ ಮೇಲೆ ಒಂದೊಂದು ಡ್ರಮ್ಮು ಹೊತ್ತು ಬೈರಣ್ಣನ ಅಂಗಳದಲ್ಲಿ ನಿಂತಿದ್ದಾರೆ.

"ಕೊಳ್ಳೋ ಎತ್ತನ್ನ ಹೂಡಿ ನೋಡಲ್ವಾ ಅಣ್ಣಾ?" ಮುನಿರಾಮಯ್ಯ ಕೇಳುತ್ತಾರೆ. "ಸಾವಿರದ ಮುನ್ನೂರರ ಯಂತ್ರ. ಇದನ್ನೂ ಒಂದು ಸಲ ಹೂಡಿ ನೋಡ್ತೀನಿ."

"ಹೂಡು. ಕರೆಂಟು ಎಲ್ಲಿಂದ ತರ್ತೀಯ?"

ಆ ಅಂಗಳದಲ್ಲಿ ಇಲ್ಲದ್ದು ಏನಿದೆ? ಮಧ್ಯಾಹ್ನದೊಳಗೆ ಮುನಿರಾಮಯ್ಯ ಒಂದು ದೊಡ್ಡ ಗಾಡಿ ಚಕ್ರವನ್ನು ಎರಡು ಗೂಟದ ನಡುವೆ ಏರಿಸಿ, ಹಿಡಿ ಕೂರಿಸಿ, ಅಲ್ಲಿಂದ ಲೇತಿನ ರಾಟೆಗೆ ಚರ್ಮದ ಪಟ್ಟಿ ಎಳೆಯುತ್ತಾರೆ. ಮುನಿಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಗೆ ಕೈ ಹಾಕುತ್ತಾರೆ. ಲೇತಿಗೆ ಬಿಗಿದ ಡ್ರಮ್ಮು ನಿಧಾನಕ್ಕೆ ತಿರುಗುತ್ತದೆ. ಉಳಿ ತಾಗುತ್ತಲೇ ಕೆಂಪು ಪುಡಿ ಉದುರುತ್ತದೆ. ಅಂಗಳದ ಆಳುಗಳೆಲ್ಲ ಸುತ್ತ ಸೇರುತ್ತಾರೆ.

"ಏನಮ್ಮಾ, ರಾಗಿ ಬೀಸ್ತಿದೀಯಾ?" ಬೈರಣ್ಣ ಕಿಚಾಯಿಸುತ್ತಾನೆ.

"ರಾಗಿ ಬೀಸಿದ್ರೆ ಹಿಟ್ಟಾದ್ರೂ ಬರ್ತದೆ," ಮುನಿಗಂಗಮ್ಮ ಕೈ ನಿಲ್ಲಿಸದೆ ಹೇಳುತ್ತಾರೆ. "ಇವ್ರ ಜೊತೆ ಬೀಸಿದ್ರೆ ಬರೀ ತುಕ್ಕು."

ನಗು ಏಳುತ್ತದೆ. ಮುನಿರಾಮಯ್ಯ ನಗುವುದಿಲ್ಲ. ಅವರ ಕಣ್ಣು ಉಳಿಯ ತುದಿಯಲ್ಲಿದೆ. ಹೆಚ್ಚು ಸವರಿದರೆ ಡ್ರಮ್ಮು ತೆಳುವಾಗಿ ಬಿರುಕು ಬಿಡುತ್ತದೆ. ಕಡಿಮೆಯಾದರೆ ಗುಳಿ ಉಳಿಯುತ್ತದೆ. ಮೂರನೆಯ ಸಲ ಸವರಿದಾಗ ಮೊದಲನೆಯದು ಬೆಳ್ಳಗೆ ಹೊಳೆಯುತ್ತದೆ. ಎರಡನೆಯದರಲ್ಲಿ ನಾಲ್ಕು ಸಲ ಸವರಿದ ಮೇಲೂ ಸಾಸಿವೆ ಕಾಳಿನಷ್ಟು ಒಂದು ಗುಳಿ ಹಾಗೇ ಇದೆ. ಅವರು ಬೆರಳಾಡಿಸಿ, ಸ್ವಲ್ಪ ಹೊತ್ತು ಯೋಚಿಸಿ, ಉಳಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ಸಾಕು ನಿಲ್ಸು ಗಂಗೀ."

ಆಮೇಲಿನ ಆರು ದಿನ ಮನೆಯ ಮುಂದೆ ಕಾರು ತನ್ನ ಕಂಪನಿಯ ರೂಪಕ್ಕೆ ಹಿಂದಕ್ಕೆ ನಡೆಯುತ್ತದೆ. ಎರಡು ಕಾರ್ಬುರೇಟರ್ ಇದ್ದ ಕಡೆ ಒಂದು ಬರುತ್ತದೆ. ತೆಳು ತಲೆಗಳ ಜಾಗಕ್ಕೆ ಅಸಲು ತಲೆಗಳು. ಸೀಟು ಬಿಟ್ಟುಕೊಡಲು ಸಪ್ಪಲಮ್ಮ ಒಪ್ಪುವುದಿಲ್ಲ. "ಈ ಮೆತ್ತೆ ನನ್ ಜೊತೇನೇ ಮಣ್ಣಿಗೆ ಬರ್ತದೆ," ಎಂದು ಪಟ್ಟು ಹಿಡಿದವರು, ಹೊಸ ಕಂಬಳಿಯ ಮಾತು ಬಂದ ಮೇಲೆ ಏಳುತ್ತಾರೆ. ಬಿಚ್ಚಿದ ವೇಗದ ಸಾಮಾನನ್ನೆಲ್ಲ ಹೊಸಕೋಟೆಯ ಬಸ್ಸಿನ ಮಾಲೀಕರೊಬ್ಬರು ಇನ್ನೂರ ಎಂಬತ್ತಕ್ಕೆ ಕೊಂಡೊಯ್ಯುತ್ತಾರೆ. ಅರದಲ್ಲಿ ಉಜ್ಜಿದ ಆ ತಲೆಗಳನ್ನು ಗಾಡಿಗೆ ಹೇರುವಾಗ ಮುನಿರಾಮಯ್ಯ ಮನೆಯೊಳಗೆ ಹೋಗಿ, ಗಾಡಿ ಕಣ್ಮರೆಯಾದ ಮೇಲೆ ಹೊರಗೆ ಬರುತ್ತಾರೆ.

ಬೂದಿಗೆರೆಯ ಕೆರೆ ಏರಿಯ ಮೇಲೆ ಪರೀಕ್ಷೆ. ಹಿಂದಿನ ಸೀಟಿನಲ್ಲಿ ಪಿಳ್ಳಪ್ಪನವರ ತಾಯಿ ಅಮ್ಮಯಮ್ಮ ಎಲೆಯಡಿಕೆ ಚೀಲದೊಡನೆ ಕೂತಿದ್ದಾರೆ. ಮುನಿರಾಮಯ್ಯ ಇಪ್ಪತ್ತೈದು ಮೈಲಿಯ ವೇಗದಲ್ಲಿ ಓಡಿಸುತ್ತಾರೆ.

"ಲೇ ಪಿಳ್ಳಾ, ಹೊರಟಿದೀವೇನೋ?" ಅಮ್ಮಯಮ್ಮ ಕೇಳುತ್ತಾರೆ. "ಸದ್ದೇ ಇಲ್ಲವಲ್ಲೋ!"

ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಕಾರು ಹದವಾಗಿ, ಒಂದು ಕಡೆಗೂ ಎಳೆಯದೆ ನಿಲ್ಲುತ್ತದೆ. ಪಿಳ್ಳಪ್ಪನವರು ಜೇಬಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಮುನಿರಾಮಯ್ಯ ಬಾಯಿ ತೆರೆಯುತ್ತಾರೆ.

"ಒಂದು ಮಾತು ಬುದ್ದೀ. ಮುಂದಿನ ಎಡಗಡೆ ಡ್ರಮ್ಮಿನಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಉಳಿದೈತೆ. ಉಪ್ಪಿನ ಗೋಣೀಲಿ ಸುತ್ತಿಟ್ಟಿದ್ದೆ, ನನ್ನದೇ ತಪ್ಪು. ಈಗ ತೊಂದ್ರೆ ಇಲ್ಲ. ಮೂರು ತಿಂಗಳಿಗೊಂದು ಸಲ ಬಿಚ್ಚಿ ನೋಡ್ಬೇಕು."

"ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲವಲ್ಲೋ."

"ಅದಕ್ಕೇ ಹೇಳಿದ್ದು."

"ಹಂಗಾದ್ರೆ ನೂರು ಕಡಿಮೆ."

ನೂರು ಕಡಿಮೆಯಾದರೆ, ವೇಗದ ಸಾಮಾನಿನ ಹಣ ಸೇರಿಸಿದರೂ ಲೇತಿಗೆ ಇಪ್ಪತ್ತು ರೂಪಾಯಿ ಕಡಿಮೆ ಬೀಳುತ್ತದೆ. ಮುನಿರಾಮಯ್ಯನವರ ಕೈ ಸ್ಟೀರಿಂಗ್ ಚಕ್ರದ ಮೇಲೆಯೇ ಇದೆ.

"ನಿಜ ಹೇಳಿದ್ದಕ್ಕೆ ದಂಡ ಹಾಕ್ತೀಯೇನೋ?" ಹಿಂದಿನಿಂದ ಅಮ್ಮಯಮ್ಮ ಗದರುತ್ತಾರೆ. "ನಿನ್ನ ಎತ್ತು ಮಾರುವಾಗ ನೀನು ಯಾರಿಗಾದ್ರೂ ಅದ್ರ ಕುಂಟು ಹೇಳಿದ್ಯಾ?"

ಪಿಳ್ಳಪ್ಪನವರು ಕೆರೆಯ ಕಡೆ ನೋಡುತ್ತಾ ನೂರನ್ನು ಇಪ್ಪತ್ತೈದಕ್ಕೆ ಇಳಿಸುತ್ತಾರೆ.

ಅಮಾವಾಸ್ಯೆಯ ಹಿಂದಿನ ದಿನ ಎರಡು ಜೊತೆ ಎತ್ತಿನ ಗಾಡಿಯಲ್ಲಿ ಲೇತ್ ಕುಂದಾಣಕ್ಕೆ ಬರುತ್ತದೆ. ಕೇರಿಯ ಬಾಯಲ್ಲಿ ನಾಲ್ಕು ಕಲ್ಲುಕಂಬ, ತಗಡಿನ ಮಾಡು, ಬಿದಿರು ತಟ್ಟಿಯ ಗೋಡೆ. ದೇವನಹಳ್ಳಿಯ ಬಸ್ಸುಗಳೂ ಈಗ ಇಲ್ಲಿಗೇ ಬಂದು ಮಸಿ ತೆಗೆಸಿಕೊಂಡು ಹೋಗುತ್ತವೆ. ದಿನಕ್ಕೆ ಮೂರು ನಾಲ್ಕು ಕೆಲಸ. ಮುನಿಗಂಗಮ್ಮ ಲೇತಿಗೆ ಕಟ್ಟಿದ ಚಕ್ರ ತಿರುಗಿಸುತ್ತಾರೆ. ಕಾಲ್ಕಡಗದ ಮಾತು ಇನ್ನೂ ಬಿಟ್ಟಿಲ್ಲ.

ವೇಗದ ಆ ಕಾರು ನೆನಪಾಗುವುದಿಲ್ಲವೇ ಎಂದರೆ ಮುನಿರಾಮಯ್ಯ ಕೈ ಒರೆಸಿಕೊಳ್ಳುತ್ತಾರೆ. "ಆಗ್ತದೆ. ಆದ್ರೆ ಅದ್ರಲ್ಲಿ ಎಷ್ಟು ಜೋರಾಗಿ ಹೋದ್ರೂ ಇನ್ನೊಬ್ಬರ ಹಿತ್ತಿಲಿಗೇ ಹೋಗ್ತಿದ್ದೆ."

ಮೂರು ತಿಂಗಳು ತುಂಬಿದ ವಾರ, ಬೆಳಗಿನ ಹೊತ್ತು ಷೆಡ್ಡಿನ ಮುಂದೆ ಕಾರೊಂದು ನಿಲ್ಲುತ್ತದೆ. ಪಿಳ್ಳಪ್ಪನವರು ಇಳಿದು, ಕೇರಿಯ ಗಡಿಯಲ್ಲೇ ನಿಂತು, ಪಂಚೆಯ ಅಂಚು ಎತ್ತಿ ಹಿಡಿದು ಕೂಗುತ್ತಾರೆ. "ಲೇ ಮುನಿಯಾ, ಈಚೆ ಬಾರೋ. ಆ ಡ್ರಮ್ಮು ನೋಡು."

ಲೇತ್ ತಿರುಗುತ್ತಿದೆ. ಮುನಿರಾಮಯ್ಯ ಉಳಿಯಿಂದ ಕಣ್ಣು ತೆಗೆಯುವುದಿಲ್ಲ.

"ಬಿಚ್ಚಿ ಈ ಲೇತಿಗೆ ಹಾಕೇ ನೋಡ್ಬೇಕು. ಇದು ಆಚೆ ಬರಲ್ಲ, ಗೌಡ್ರೇ. ನೀವೇ ಒಳಕ್ಕೆ ಬನ್ನಿ. ಬಾಗಿಲು ತಗ್ಗೈತೆ, ತಲೆ ಜೋಪಾನ."