ಹಗ್ಗ ಬೀಸಿದವನ ತಟ್ಟೆ

ಆಂಟನ್ ವೊಂದ್ರಾನನ್ನು ಲಿಬ್ಬಿ ಮೊದಲು ಕಂಡಾಗ ಅವನ ಬಲಗಿವಿ ಅರ್ಧ ಹರಿದು ನೇತಾಡುತ್ತಿತ್ತು.

ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ, ಅವಳ ಅಪ್ಪನ ದೊಡ್ಡಿಯಲ್ಲಿ ಅಂದು ಕರುಗಳಿಗೆ ಕಾದ ಕಬ್ಬಿಣದಿಂದ ಗುರುತಿನ ಬರೆ ಹಾಕುವ ದಿನ. ಹಗ್ಗ ಬೀಸಿ ಕರು ಹಿಡಿದು ಎಳೆಯಲು ಸುತ್ತಲಿನ ದನಗಾರರೆಲ್ಲ ಕುದುರೆ ಏರಿ ಬಂದಿದ್ದರು. ಅದಕ್ಕೆ ಕೂಲಿಯಿಲ್ಲ, ಇವತ್ತು ನಿನ್ನ ಕರು, ನಾಳೆ ನನ್ನ ಕರು. ಬರೆಗೆ ಕೆಡವಿದ್ದ ಕರುವೊಂದು ಒದ್ದಿತೆಂದು ಪಕ್ಕದ ಜಮೀನಿನ ಹಾರ್ಲನ್ ಬೀಟಿ ಬೂಟುಗಾಲಿನಿಂದ ಅದರ ಮೂತಿಗೇ ಒದ್ದ. ಆಂಟನ್ ಒಂದೇ ಗುದ್ದಿಗೆ ಅವನ ಮೂಗು ಮುರಿದ. ಇಬ್ಬರೂ ಸಗಣಿ, ರಕ್ತದಲ್ಲಿ ಹೊರಳಾಡಿದರು. ಕೊನೆಗೆ ಹಾರ್ಲನ್ ಇವನ ಕಿವಿ ಕಚ್ಚಿ ಎಳೆದ.

ಲಿಬ್ಬಿ ಅಡುಗೆಮನೆಯಲ್ಲಿ ಕರಿ ದಾರ ಪೋಣಿಸಿ ಹೊಲಿಯಲು ಕೂತಳು.

"ನೋವಾದ್ರೆ ಕೂಗು."

"ಕೂಗಿದ್ರೆ ನಿನ್ನ ಕೈ ನಡುಗುತ್ತೆ. ಕಿವಿ ಸೊಟ್ಟಗಾದ್ರೆ ನನ್ನ ಯಾರು ಮದ್ವೆ ಆಗ್ತಾರೆ?"

"ಈ ಮುಖಕ್ಕೆ ಕಿವಿಯೊಂದೇ ಕೊರತೆ ಅಂದ್ಕೊಂಡ್ಯಾ?"

ಊಟಕ್ಕೆ ಕೂರುವಾಗ ಹಾರ್ಲನ್‌ನನ್ನು ಹೊರಗೆ ಹಾಕಿ ಎಂದು ನಾಲ್ಕಾರು ಜನ ಗದರಿದರು. ಲಿಬ್ಬಿಯ ಅಮ್ಮ ಸೌಟು ಕೆಳಗಿಡಲಿಲ್ಲ. "ನನ್ನ ದೊಡ್ಡೀಲಿ ಹಗ್ಗ ಬೀಸಿದವನಿಗೆ ನನ್ನ ಮನೇಲಿ ತಟ್ಟೆ ಇದೆ. ಕಚ್ಚಾಡೋದಿದ್ರೆ ಉಂಡು ಹೋಗಿ ಕಚ್ಚಾಡಿ," ಎಂದು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದಳು. ಒಬ್ಬನ ಮೂಗಿನಿಂದ, ಇನ್ನೊಬ್ಬನ ಕಿವಿಯಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ಉಂಡರು.

ಆಂಟನ್‌ನನ್ನೇ ಲಿಬ್ಬಿ ಮದುವೆಯಾದಳು. ಅವನು ಕೈ ಮುಂದು ಮಾಡುವ ಗಂಡಸು, ಆದರೆ ಮನೆಯೊಳಗೆ ಒಮ್ಮೆಯೂ ಕೈ ಎತ್ತಲಿಲ್ಲ. ಭಾನುವಾರ ಚರ್ಚಿನ ಗಂಟೆ ಹೊಡೆಯುವವನು ಅವನೇ. ಊರಲ್ಲಿ ಯಾರೇ ಸತ್ತರೂ ಗುಂಡಿ ತೋಡುವವನೂ ಅವನೇ. ನೆಲ ಹೆಪ್ಪುಗಟ್ಟಿದ್ದರೆ ಹಳೆ ಟೈರು ಸುಟ್ಟು ಮಣ್ಣು ಕರಗಿಸಿ ತೋಡುತ್ತಿದ್ದ. ಪ್ರಸಾದಕ್ಕೆ ಕೈ ಚಾಚಿದಾಗ ಗೆಣ್ಣುಗಳ ಚರ್ಮ ಸುಲಿದಿರುವುದು ಕಂಡು ಪಾದ್ರಿಗಳು ಪಿಸುಗುಟ್ಟುತ್ತಿದ್ದರು: "ಈ ವಾರ ಏನಪ್ಪಾ?"

"ಗೂಳಿ, ಫಾದರ್."

"ಎರಡು ಕಾಲಿಂದೋ, ನಾಲ್ಕು ಕಾಲಿಂದೋ?"

ಹಾರ್ಲನ್‌ನ ಮಾತು ಬಂದರೆ ಮಾತ್ರ ಆಂಟನ್ ನಗುತ್ತಿರಲಿಲ್ಲ. ಆದರೂ ಬರೆ ಹಾಕುವ ದಿನ ಅವನು ಇವರಲ್ಲಿಗೆ, ಇವನು ಅವನಲ್ಲಿಗೆ ಹೋಗುವುದು ತಪ್ಪಲಿಲ್ಲ. ಮಾತಿಲ್ಲದೆ ಹಗ್ಗ ಬೀಸಿ, ಮಾತಿಲ್ಲದೆ ಉಂಡು ಬರುತ್ತಿದ್ದರು.

ಲಿಬ್ಬಿ, ಆಂಟನ್‌ರ ಒಬ್ಬನೇ ಮಗ ವೆನ್ಸಿಲ್. ಅವನಿಗೆ ಮದುವೆ ಗೊತ್ತಾಗಿದ್ದ ವರ್ಷ ಮಳೆ ಬರಲಿಲ್ಲ. ಆಗಸ್ಟಿನ ಒಂದು ದಿನ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಅಂಥ ದಿನ ಯಾರೂ ಹುಲ್ಲು ಕೊಯ್ಯುವ ಯಂತ್ರ ಮುಟ್ಟುವುದಿಲ್ಲ. ಹಾರ್ಲನ್ ಮುಟ್ಟಿದ. ಕಬ್ಬಿಣ ಕಲ್ಲಿಗೆ ತಾಗಿ ಕಿಡಿ ಹಾರಿತು. ಬೆಂಕಿ ಬೇಲಿ ದಾಟಿ ಇವರ ಹುಲ್ಲುಗಾವಲಿಗೆ ನುಗ್ಗಿತು. ದನಗಳನ್ನು ಹೊರಗೆ ಬಿಡಲು ವೆನ್ಸಿಲ್ ಆಚೆ ತುದಿಯ ಗೇಟಿನ ಕಡೆ ಕುದುರೆ ಓಡಿಸಿದ. ಕುದುರೆ ಮಾತ್ರ ಬಂತು, ಬಾಲ ಸುಟ್ಟುಕೊಂಡು, ಜೀನು ಖಾಲಿ.

ಗೇಟಿನ ಚಿಲಕದ ಮೇಲಿದ್ದ ಮಗನ ಕೈಯನ್ನು ಆಂಟನ್ ಒಂದೊಂದೇ ಬೆರಳಾಗಿ ಬಿಡಿಸಿದ.

ಬೆಳಗಾದ ಮೇಲೆ ಉಳಿದ ದನಗಳನ್ನು ನೋಡಿದರು. ಗೊರಸು ಕಳಚಿಹೋಗಿತ್ತು, ಕೆಚ್ಚಲು ಬೆಂದಿತ್ತು, ಕಣ್ಣು ಬೆಳ್ಳಗಾಗಿತ್ತು. ತಾನೇ ಸಾಕಿದ ಹಸುಗಳನ್ನು ಆಂಟನ್ ಒಂದೊಂದಾಗಿ ಹಣೆಗೆ ಗುಂಡು ಹೊಡೆದು ಕೆಡವಿದ. "ಮಲಗೇ, ಮಲಗು," ಎನ್ನುತ್ತಿದ್ದ. ಕೊನೆಯದು ಬಿದ್ದ ಮೇಲೆ ಕೋವಿಗೆ ಮತ್ತೆ ಗುಂಡು ತುಂಬಿ ಗಾಡಿ ಹತ್ತಿದ. ಲಿಬ್ಬಿಯೂ ಪಕ್ಕದಲ್ಲಿ ಹತ್ತಿ ಕೂತಳು.

"ಇಳಿ. ನನ್ನ ತಡೀಬೇಡ."

"ತಡೆಯೋಕೆ ಬಂದಿಲ್ಲ. ನೋಡೋಕೆ ಬಂದಿದೀನಿ."

ಹಾರ್ಲನ್ ತನ್ನ ದೊಡ್ಡಿಯ ಮುಂದೆ ನೆಲದ ಮೇಲೆ ಕೂತಿದ್ದ. ಬೆಂಕಿ ಆರಿಸಲು ಬಡಿದು ಬಡಿದು ಎರಡೂ ಕೈಯ ಚರ್ಮ ಕೈಗವಸಿನಂತೆ ಕಳಚಿ ಜೋತಿತ್ತು. ಅವನ ಕೋವಿ ಕಾಲ ಬಳಿ ಬಿದ್ದಿತ್ತು. ಹಿಂದೆ ಅವನ ದನಗಳೂ ಮೊಣಕಾಲೂರಿ ತೆವಳುತ್ತ ಅರಚುತ್ತಿದ್ದವು. ಆಂಟನ್ ಕೋವಿಯ ಮೂತಿಯನ್ನು ಅವನ ಹಣೆಗೆ ಒತ್ತಿದ.

"ಹೊಡಿ ಆಂಟನ್," ಎಂದ ಹಾರ್ಲನ್. "ಆದ್ರೆ ಮೊದ್ಲು ಅವುಗಳ್ನ ಹೊಡಿ. ನನ್ನ ಬೆರಳು ಮಡಚ್ತಾ ಇಲ್ಲ."

ಆಂಟನ್ ಕೋವಿಯನ್ನು ದನಗಳ ಕಡೆ ತಿರುಗಿಸಿದ. ಹಾರ್ಲನ್‌ನ ಹಣೆಯ ಮೇಲೆ ಮಸಿಯ ಉಂಗುರ ಉಳಿಯಿತು. ಹೊತ್ತು ಇಳಿಯುವವರೆಗೂ ಆಂಟನ್ ವೈರಿಯ ದನಗಳನ್ನು ಕೊಂದ. ಹಾರ್ಲನ್ ಮೊಣಕೈಯಿಂದ ತೋರಿಸುತ್ತಿದ್ದ: ಅದು, ಇನ್ನು ಅದು. ಪ್ರತಿ ಗುಂಡು ಹಾರಿದಾಗಲೂ ಲಿಬ್ಬಿ ಗಾಡಿಯಲ್ಲಿ ಕೂತು ಮುಂದಿನದು ಹಾರ್ಲನ್‌ಗೇ ಇರಲಿ ಎಂದು ಕಾದಳು.

ಎಲ್ಲ ಮುಗಿದ ಮೇಲೆ ಆಂಟನ್ ಕೋವಿಯ ಹಿಡಿಯಿಂದ ಹಾರ್ಲನ್‌ಗೆ ಒಂದೇ ಏಟು ಕೊಟ್ಟ. ದವಡೆ ಮುರಿದ ಸದ್ದು ಗಾಡಿಯೊಳಗೂ ಕೇಳಿತು.

"ಮೇ ತಿಂಗಳು ಬರೆ ಹಾಕೋಕೆ ಬಾ," ಎಂದ. "ವೆನ್ಸಿಲ್ ಕುದುರೆ, ವೆನ್ಸಿಲ್ ಹಗ್ಗ. ನಾನಿರೋವರೆಗೂ ಅವನ ಕೆಲಸ ನೀನೇ ಮಾಡ್ಬೇಕು."

ದಾರಿಯಲ್ಲಿ ಲಿಬ್ಬಿ ಕೇಳಿದಳು: "ಅಷ್ಟೇನಾ?"

"ಅಷ್ಟೇ."

"ನನ್ನ ಮನೇಲಿ ಅವನಿಗೆ ತಟ್ಟೆ ಇಲ್ಲ."

"ಅಡುಗೆಮನೆ ನಿಂದು."

ಮಗನ ಗುಂಡಿಯನ್ನು ಆಂಟನ್ ಬೇರೆ ಯಾರಿಗೂ ತೋಡಲು ಬಿಡಲಿಲ್ಲ.

ಹಾರ್ಲನ್ ಪ್ರತಿ ವಸಂತಕ್ಕೂ ಬಂದ. ಸೆಟೆದ ಬೆರಳುಗಳಲ್ಲಿ ಹಗ್ಗ ಹಿಡಿದು ಆ ಕುದುರೆ ಮೇಲೆ ಕೂತು ಕರು ಎಳೆದ. ಎಲ್ಲರೂ ಹುರಿದ ಮಾಂಸ, ಬೀನ್ಸು, ಗಸಗಸೆ ಬನ್ನು ಎಂದು ಒಳಗೆ ಹೋದರೆ ಅವನು ತನ್ನ ಗಾಡಿಯಲ್ಲಿ ಕೂತು ಮನೆಯಿಂದ ತಂದ ರೊಟ್ಟಿಯನ್ನು ಸೊಟ್ಟ ದವಡೆಯಲ್ಲಿ ಅಗಿಯುತ್ತಿದ್ದ. ಕಿಟಕಿಯಿಂದ ಅದು ಕಾಣುತ್ತಿತ್ತು. ಪಕ್ಕದ ಮನೆಯ ಆಗ್ನೆಸ್ ಒಮ್ಮೆ ಬಾಯಿ ಬಿಟ್ಟಳು: "ನಿಮ್ಮಮ್ಮ ಇದ್ದಿದ್ರೆ ಹೀಗೆ ಮಾಡ್ತಿದ್ಲೇನೇ?"

"ನಮ್ಮಮ್ಮನ ಮಗ ಸುಟ್ಟು ಹೋಗಿರ್ಲಿಲ್ಲ. ಬನ್ನು ತಗೋ."

ಆಂಟನ್‌ಗೆ ವಯಸ್ಸಾಯಿತು, ಆದರೆ ದೊಡ್ಡಿಯಿಂದ ಹೊರಗೆ ಇರಲು ಒಪ್ಪಲಿಲ್ಲ. ಕೊನೆಯ ಆ ಮೇ ತಿಂಗಳು, ಕರುವಿನ ಹಿಂದೆ ನುಗ್ಗಿದ ಹಸುವೊಂದು ಅವನನ್ನು ಕಂಬಕ್ಕೆ ಒತ್ತಿ ತಲೆಯಿಂದ ಜಜ್ಜಿತು. ಬಿದ್ದ ಮೇಲೂ ಬಿಡದೆ ತುಳಿಯಿತು. ಹಾರ್ಲನ್ ಹಗ್ಗ ಬೀಸಿ, ಹಸುವಿನ ಕೊರಳಿಗೆ ಕುಣಿಕೆ ಬಿಗಿದು ಆಚೆ ಎಳೆದ. ಹಗ್ಗ ಅವನ ಅಂಗೈಯನ್ನು ಮತ್ತೆ ಸುಲಿಯಿತು.

ಆಂಟನ್‌ನನ್ನು ಹೊತ್ತು ತಂದು ಅಡುಗೆಮನೆಯ ಉದ್ದ ಬೆಂಚಿನ ಮೇಲೆ ಮಲಗಿಸಿದರು. ಆಂಬುಲೆನ್ಸ್ ಬರಲು ದೂರದ ದಾರಿ. ಉಸಿರಿಗೊಮ್ಮೆ ಬಾಯಲ್ಲಿ ರಕ್ತದ ನೊರೆ ಏಳುತ್ತಿತ್ತು. "ಕರು ಬಿಟ್ಟು ನಿಲ್ಬೇಡಿ, ಹೋಗಿ ಬರೆ ಮುಗ್ಸಿ," ಎಂದು ಎಲ್ಲರನ್ನೂ ಕಳಿಸಿದ. ಲಿಬ್ಬಿ ಅವನ ಕೈಗೆ ಜಪಮಾಲೆ ಸುತ್ತಿದಳು. ಒಲೆಯ ಮೇಲೆ ಬೀನ್ಸು ಕುದಿಯುತ್ತಿತ್ತು. ಹೊಸ್ತಿಲಾಚೆ ಹಾರ್ಲನ್ ಒಬ್ಬನೇ ಟೋಪಿ ಕಂಕುಳಲ್ಲಿ ಇಟ್ಟು ನಿಂತಿದ್ದ. ಅವನ ಅಂಗೈಯ ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಒಳಗೆ ಕಾಲಿಡಲಿಲ್ಲ.

ಆಂಟನ್ ಅವನ ಕಡೆ ನೋಡಿದ, ಆಮೇಲೆ ಇವಳ ಕಡೆ.

"ಅವನೂ ಹಗ್ಗ ಬೀಸಿದಾನಲ್ಲ ಲಿಬ್ಬಿ," ಎಂದ. "ತಟ್ಟೆ ಹಾಕ್ತೀಯಾ?"