ತಿಗಣೆ ಎಲ್ಲಿಂದ ಬಂತು

ನನ್ನ ನಾದಿನಿ ಹಾಸಿಗೆ ಹೊಲಿಯುವವಳು. ಗಂಡಂದಿರು ಹೋದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವಳು ದುಡಿಯುತ್ತಾಳೆ, ನಾನು ಒಲೆ ನೋಡಿಕೊಳ್ಳುತ್ತೇನೆ, ಬಿಡುವಾದಾಗ ಅರಳೆ ಬಿಡಿಸಿಕೊಡುತ್ತೇನೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅವಳ ಅಂಗಡಿ. ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಾಳೆ. ಒಂದು ಮನೆಯ ಅರಳೆಯನ್ನು ಇನ್ನೊಂದು ಮನೆಯದಕ್ಕೆ ಬೆರೆಸುವವಳಲ್ಲ. ಗುರುತಿಗೆಂದು ಪ್ರತಿ ರಾಶಿಯ ಮೇಲೂ ಆ ಹಾಸಿಗೆಯದೇ ಬಟ್ಟೆಯ ಚೂರು ಇಟ್ಟಿರುತ್ತಾಳೆ. ಮಾತು ಒರಟು, ಹೊಲಿಗೆ ನುಣುಪು.

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಗೆ ತಿಗಣೆ ಬಂತು. ನಮ್ಮ ಬಾಡಿಗೆ ಮನೆಯ ಮಾಲೀಕಮ್ಮನಿಗೆ ಮೈಯೆಲ್ಲ ದದ್ದು. ಆಕೆಯ ಹಾಸಿಗೆಯನ್ನು ನಾದಿನಿ ಹೊಲಿದುಕೊಟ್ಟು ವಾರವೂ ಆಗಿರಲಿಲ್ಲ. "ಯಾರದೋ ಹಳೇ ಅರಳೆ ತಂದು ತುಂಬಿದ್ದಾಳೆ, ಅದರಲ್ಲೇ ಬಂದಿದೆ" ಎಂದು ಆಕೆ ನಲ್ಲಿಯ ಹತ್ತಿರ ಹೇಳಿದಳು. ಸಂಜೆಯೊಳಗೆ ಬೀದಿಗೆಲ್ಲ ಹಬ್ಬಿತು. ಹೊಲಿಯಲು ಕೊಟ್ಟವರಲ್ಲಿ ಹೆಚ್ಚಿನವರು ಬಿಚ್ಚಿದ ಹಾಸಿಗೆಯನ್ನು ಹಾಗೇ ಹೊತ್ತುಕೊಂಡು ಹೋದರು. ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮಾಲೀಕಮ್ಮ ಹೇಳಿಕಳಿಸಿದಳು. ಆ ಕೋಣೆ ಹೋದರೆ ಕಸುಬೇ ಹೋದಂತೆ. ಅರಳೆ ಹರವಲು ಅಷ್ಟು ಜಾಗ, ಅಷ್ಟು ಬಿಸಿಲು ನಮಗೆ ಬೇರೆಲ್ಲಿ ಸಿಗಬೇಕು?

ನಾದಿನಿ ಅಳುತ್ತ ಕೂರಲಿಲ್ಲ. ಉಳಿದಿದ್ದ ಅರಳೆಯನ್ನೆಲ್ಲ ಬೀದಿಗೆ ತಂದು, ಬಿಳಿ ಬಟ್ಟೆಯ ಮೇಲೆ ಹರವಿ, ಎಲ್ಲರೆದುರು ಬಡಿದಳು. ಒಂದು ತಿಗಣೆಯೂ ಬೀಳಲಿಲ್ಲ. "ಇಲ್ಲ ಬಿಡಮ್ಮ, ಏನೂ ಇಲ್ಲ" ಎಂದು ಎಲ್ಲರೂ ಒಪ್ಪಿದರು. ಆದರೂ ಒಬ್ಬರೂ ಹಾಸಿಗೆ ತರಲಿಲ್ಲ.

"ಕಣ್ಣಾರೆ ನೋಡಿದ್ರಲ್ಲ, ಇನ್ನೇನಂತೆ ಇವರಿಗೆ?" ಎಂದೆ.

"ನೋಡಿದ್ರು ಅತ್ತಿಗೆ. ಮನೆಗೆ ಹೋದ್ರು, ಮತ್ತೆ ಮೈ ಕೆರೀತು. ಇವಳಿಂದ ಅಲ್ಲ ಅಂದ್ರೆ ಇನ್ನೆಲ್ಲಿಂದ ಬಂತು? ಉತ್ತರ ಇಲ್ಲ. ಆಗ ಕೈಗೆ ಸಿಗೋಳು ನಾನೇ ತಾನೆ? ಬರೀ ಇಲ್ಲ ಇಲ್ಲ ಅಂತ ಬಾಯಿ ಬಡ್ಕೊಂಡ್ರೆ ಆಗಲ್ಲ. ಎಲ್ಲಿಂದ ಬಂತು ಅಂತ ನಾನೇ ಹುಡುಕ್ತೀನಿ."

ಮರುದಿನದಿಂದ ಮನೆಮನೆಗೆ ಹೋದಳು. ಕೆಲವರು ಒಳಗೆ ಕರೆಯಲಿಲ್ಲ. ಅವಳು ಹೊಸ್ತಿಲಾಚೆ ನಿಂತೇ ಕೇಳಿದಳು: ಮೊದಲು ಯಾರಿಗೆ ಕಚ್ಚಿತು, ಎಲ್ಲಿ ಕೂತಾಗ ಕಚ್ಚಿತು. ಕ್ಷೌರದವನ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಮಲಗುವವರು, ಹಾಸಿಗೆಯೇ ಇಲ್ಲ. ಅಲ್ಲೂ ತಿಗಣೆ!

"ಅಂಗಡೀಲೇ ಜಾಸ್ತಿ ಅಕ್ಕಾ. ಗಿರಾಕಿಗಳು ಕೂತಲ್ಲಿ ಕೂರಲ್ಲ. ಯಾರ ಕಿವಿ ಕತ್ತರಿಸ್ತೀನೋ ಅಂತ ನನಗೇ ಭಯ" ಎಂದ ಅವನು.

ಅಂಗಡಿಯಲ್ಲಿ ಮೆತ್ತೆಯ ಕುರ್ಚಿಗಳಿದ್ದವು. ಮುಚ್ಚಿಹೋದ ಸಿನಿಮಾ ಟಾಕೀಸಿನವು. ಅಗ್ಗಕ್ಕೆ ಸಿಕ್ಕಿದವೆಂದು ತಂದಿದ್ದ. ನಾದಿನಿ ಒಂದನ್ನು ಮಗುಚಿ, ದಬ್ಬಳದಿಂದ ಮೆತ್ತೆಯ ಅಂಚು ಬಿಡಿಸಿದಳು. ಒಳಗೆ ತಿಗಣೆಯೋ ತಿಗಣೆ.

"ಇದನ್ನ ಇನ್ಯಾರ್ಯಾರು ತಂದ್ರು?"

ಅವನು ಹೇಳಿದ ಮೊದಲ ಮನೆ ಮಾಲೀಕಮ್ಮನದು. ನಾದಿನಿ ನನ್ನನ್ನೂ ಕರೆದುಕೊಂಡು ನೇರ ಅಲ್ಲಿಗೆ ಹೋದಳು. ಮಾಲೀಕಮ್ಮ ಪಡಸಾಲೆಯಲ್ಲಿ ಅಂಥದೇ ಕುರ್ಚಿಯ ಮೇಲೆ ಕೂತು ತೋಳು ಕೆರೆದುಕೊಳ್ಳುತ್ತಿದ್ದಳು.

"ಮತ್ತೆ ಬಂದ್ಯಾ? ತಿಂಗಳ ಕೊನೆ ಅಂತ ಹೇಳಿದೀನಲ್ಲ."

"ಆ ಮಾತು ಆಮೇಲೆ ಅಮ್ಮಾ. ಮೊದಲು ಸ್ವಲ್ಪ ಎದ್ದೇಳಿ."

"ನನ್ನ ಮನೇಲಿ ನನ್ನನ್ನೇ ಎಬ್ಬಿಸ್ತೀಯಾ?"

"ನಿಮ್ಮನ್ನಲ್ಲ, ನಿಮ್ಮ ಕೆಳಗೆ ಸಂಸಾರ ಹೂಡಿರೋರನ್ನ."

ಮೆತ್ತೆ ಬಿಡಿಸಿದ್ದೇ ಮಾಲೀಕಮ್ಮ ಗೋಡೆಗೆ ಹೋಗಿ ನಿಂತಳು. "ಅಯ್ಯಯ್ಯೋ! ಇಷ್ಟು ದಿನ ಇದರ ಮೇಲೇ ಕೂತ್ಕೊಂಡು ನಿನ್ನನ್ನ ಬೈದೆನಲ್ಲೇ! ಹಾಸಿಗೆಗೂ ಇಲ್ಲಿಂದಾನೇ ಹೋಯ್ತಾ?"

"ನಿಮ್ಮ ಸೀರೆಗೆ ಅಂಟ್ಕೊಂಡು ಹೋಯ್ತು."

"ಹೋಗ್ಲಿ, ನೀನು ಕೋಣೇಲೇ ಇರು."

"ಕೆಲಸ ಇಲ್ಲದ ಕೋಣೇಲಿ ಕೂತು ಏನು ಮಾಡ್ಲಿ? ನೀವು ಯಾರಿಗೆಲ್ಲ ಹೇಳಿದ್ರೋ ಅವರಿಗೆಲ್ಲ ನೀವೇ ಹೇಳಬೇಕು. ಬನ್ನಿ."

"ನೀನೇ ಹೇಳಬಾರದಾ?"

"ನಾನು ಹೇಳಿ ಆಯ್ತು. ಅವರು ನಂಬಿದ್ದು ನಿಮ್ಮ ಮಾತನ್ನ."

ಮಾಲೀಕಮ್ಮ ಮುಖ ಸಿಂಡರಿಸಿಕೊಂಡೇ ಚಪ್ಪಲಿ ಮೆಟ್ಟಿದಳು. ಕುರ್ಚಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ ನಾದಿನಿಯೂ ನಾನೂ ಹಿಡಿದುಕೊಂಡೆವು. ಹೋದಲ್ಲೆಲ್ಲ ಅಂಗಳದಲ್ಲೇ ಇಳಿಸಿ ತೋರಿಸಿದೆವು. ಎಲ್ಲರಿಗಿಂತ ಮೊದಲು ಹಾಸಿಗೆ ವಾಪಸು ಒಯ್ದಿದ್ದ ಬಡಗಿಯ ಹೆಂಡತಿ, "ನಾನಂತೂ ನಂಬಿರಲೇ ಇಲ್ಲ" ಎಂದಳು.

"ಹಾಗಾದ್ರೆ ಹಾಸಿಗೆ ಕೊಡಿ" ಎಂದು ನಾದಿನಿ ಅಲ್ಲೇ ಕೈಚಾಚಿದಳು. ಅವಳು ಕೊಡಲೇಬೇಕಾಯಿತು.

ದರ್ಜಿಯಮ್ಮ ಮಾತ್ರ ಕುರ್ಚಿ ನೋಡಿಯೂ ತಲೆಯಾಡಿಸಿದಳು. "ಕುರ್ಚೀಲೂ ಇರಬಹುದು, ಅರಳೇಲೂ ಇರಬಹುದು. ಯಾರು ಕಂಡಿದ್ದಾರೆ?"

"ಸಾಕು ನಡಿಯೇ, ಇದೊಂದು ಮನೆ ಹೋದ್ರೆ ಹೋಗ್ಲಿ. ನನ್ನ ಕಾಲು ಬಿದ್ದುಹೋಯ್ತು" ಎಂದಳು ಮಾಲೀಕಮ್ಮ.

ನಾದಿನಿ ಕದಲಲಿಲ್ಲ. "ನೀವು ಕೇಳೋದು ಸರಿ ಅಕ್ಕಾ. ನಿಮ್ಮ ಹಾಸಿಗೆ ತನ್ನಿ. ಬಿಚ್ಚೋದರಿಂದ ಹೊಲಿಯೋವರೆಗೂ ನನ್ನ ಎದುರಿಗೇ ಕೂತಿರಿ. ಬೇರೆ ಒಂದು ಎಳೆ ಅರಳೆ ಸೇರಿದ್ರೂ ನಾನೇ ಕೋಣೆ ಬಿಡ್ತೀನಿ."

ಮರುದಿನ ಬೆಳಿಗ್ಗೆ ದರ್ಜಿಯಮ್ಮ ಹಾಸಿಗೆ ತಂದು ಕೆಳಗೆ ಹಾಕಿ, ಕೈಕಟ್ಟಿಕೊಂಡು ಬಾಗಿಲಿಗೆ ಅಡ್ಡಲಾಗಿ ಕೂತಳು. ನಾದಿನಿ, "ಸ್ವಲ್ಪ ಸರೀರಿ, ಬೆಳಕು ಬರಲಿ" ಎಂದು, ಮೊದಲ ಹೊಲಿಗೆ ಬಿಚ್ಚಿದಳು.