ಮಾರ್ದನಿ ತಿನ್ನುವ ಚಾಪೆಗಳು

ಸೊಸೆ ಚಪ್ಪಾಳೆ ತಟ್ಟುವುದು ಲುಪೆಯವರಿಗೆ ಅಭ್ಯಾಸವಾಗಿಹೋಗಿತ್ತು. ಹಗಲಲ್ಲಿ ಮಗು ಕಣ್ಣು ಮುಚ್ಚಿದರೆ ಸಾಕು, ಲೋಸಲೀನೆ ಮುಂದಿನ ಕೋಣೆಯ ನಡುವೆ ನಿಂತು ಒಂದೇ ಒಂದು ಸಲ ತಟ್ಟುವಳು, ತಲೆ ಓರೆ ಮಾಡಿ ಕೇಳುವಳು, ಆಮೇಲೆ ಗೋಡೆಗೆ ಒರಗಿ ಸುಮ್ಮನೆ ನಿಲ್ಲುವಳು. ಸಿಮೆಂಟ್ ಇಟ್ಟಿಗೆಯ ನಾಲ್ಕು ಗೋಡೆ, ಸಿಮೆಂಟ್ ನೆಲ, ಗಾಜಿನ ಪಟ್ಟಿಗಳ ಒಂದು ದೊಡ್ಡ ಕಿಟಕಿ. ತಟ್ಟಿದ ಶಬ್ದ ಬಾಲ ಬೆಳೆಸಿಕೊಂಡು ತಿರುಗಿ ಬರುತ್ತಿತ್ತು.

"ಯಾರಿಗೇ ಅದು ಚಪ್ಪಾಳೆ?" ಎಂದು ಮೊದಲ ದಿನ ಲುಪೆ ಕೇಳಿದ್ದರು.

"ಗೋಡೆಗೆ, ಅತ್ತೆ. ನಾನು ಹೇಳಿದ್ದನ್ನ ಇನ್ನೊಂದ್ಸಲ ಹೇಳುತ್ತೆ."

"ನಿನ್ನ ಮಾವನ ಹಾಗೆ. ಅವರೂ ಅಷ್ಟೇ, ಸ್ವಂತದ್ದು ಏನೂ ಇರಲಿಲ್ಲ."

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡ ಸೈಮೋನೆ ಆಸ್ಟ್ರೇಲಿಯಾದಲ್ಲಿ ಹಣ್ಣು ಕೀಳಲು ಹೋಗಿ ಏಳು ತಿಂಗಳು. ಕೊಲೊವಾಯಿ ಹಳ್ಳಿಯ ಆ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಹಲ್ಲು ಹುಟ್ಟುತ್ತಿದ್ದ ಹಸುಗೂಸು ಪೇಲೆ. ಮದುವೆಗೆ ಮುಂಚೆ ಲೋಸಲೀನೆ ಹಾಪಾಯ್ ಕಡೆಯ ಒಂದು ಸಣ್ಣ ದ್ವೀಪದಲ್ಲಿ ಟೀಚರಾಗಿದ್ದಳು. ಒಂದೇ ಕೋಣೆಯ ಶಾಲೆ, ಹತ್ತೊಂಬತ್ತು ಮಕ್ಕಳು. ಗೋಡೆಯ ಬದಲು ಹೆಣೆದ ತೆಂಗಿನ ಗರಿ. ಅಲ್ಲಿ ಅವಳ ದನಿ ಸಮುದ್ರದವರೆಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಮಾರ್ದನಿ ಎಂಬುದೊಂದು ತೊಂದರೆ ಎಂದು ಅವಳಿಗೆ ಗೊತ್ತಾದದ್ದೇ ಈ ಗಟ್ಟಿ ಮನೆಗೆ ಬಂದ ಮೇಲೆ.

ಟೀಚರಿಲ್ಲದ ದ್ವೀಪಗಳ ಮಕ್ಕಳಿಗಾಗಿ ಮಧ್ಯಾಹ್ನ ರೇಡಿಯೋದಲ್ಲಿ ಪಾಠ ಓದುತ್ತಾರೆ. ಅದನ್ನು ಓದುವವರು ಬೇಕಾಗಿದ್ದಾರೆಂದು ತಿಳಿದಾಗ ಅವಳು ಆ ರಾತ್ರಿಯೇ ಹೆಸರು ಕೊಟ್ಟಿದ್ದಳು. ಮನೆಯಲ್ಲೇ ಫೋನಿನಲ್ಲಿ ಓದಿ ಕಳಿಸಿದರೆ ಸಾಕು. ಮಗುವನ್ನು ಬಿಟ್ಟು ಹೋಗಬೇಕಿಲ್ಲ. ಅವಳು ಬಿಟ್ಟು ಬಂದ ಹತ್ತೊಂಬತ್ತು ಮಕ್ಕಳೂ ಅದನ್ನೇ ಕೇಳುತ್ತಾರೆ. ಬದಲಿ ಟೀಚರು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೊದಲು ಕಳಿಸಿದ್ದು ವಾಪಸ್ ಬಂತು. ಎರಡನೆಯದೂ ಬಂತು. ಪಾಠಗಳನ್ನು ಆರಿಸುವ ಫೆಲೆಟಿ ಮಾಸ್ತರರು ಫೋನ್ ಮಾಡಿದರು. "ದನಿ ಚೆನ್ನಾಗಿದೆ ಕಣಮ್ಮ. ಆದ್ರೆ ಬಾವಿಯೊಳಗೆ ಕೂತು ಓದಿದ ಹಾಗಿದೆ. ಪುಟ್ಟ ರೇಡಿಯೋದಲ್ಲಿ ಮಕ್ಕಳಿಗೆ ಒಂದು ಪದಾನೂ ತಿಳಿಯಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಇನ್ನೊಂದ್ಸಲ ಕಳಿಸು. ಸರಿ ಬರಲಿಲ್ಲ ಅಂದ್ರೆ ಪಟ್ಟಣದಲ್ಲಿ ಒಬ್ಬರಿದ್ದಾರೆ, ಅವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಯಾರೋ ಹೇಳಿದರೆಂದು ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಬೇಡಿ ತಂದು ಗೋಡೆಗೆ ಅಂಟಿಸಿದಳು. ಮಾರ್ದನಿ ಇದ್ದಲ್ಲೇ ಇತ್ತು, ಜಿರಲೆಗಳು ಮಾತ್ರ ಹೊಸದಾಗಿ ಬಂದವು. ಕಂಬಳಿ ಹೊದ್ದು ಒಳಗೆ ಕೂತು ಓದಿದಳು. ದನಿ ಸರಿಯಾಯಿತು, ಆದರೆ ಎರಡು ಪುಟವಾಗುವಷ್ಟರಲ್ಲಿ ಬೆವರು ಇಳಿದು ಹಾಳೆ ಒದ್ದೆಯಾಯಿತು, ಏದುಸಿರು ಪಾಠದೊಳಗೆ ಸೇರಿಕೊಂಡಿತು. "ಬಟ್ಟೆ ನಿನ್ನ ಮೇಲಲ್ಲ, ಗೋಡೆ ಮೇಲಿರಬೇಕು" ಎಂದರು ಮಾಸ್ತರರು. "ಭಾರದ್ದು, ದಪ್ಪದ್ದು. ಗೋಡೆಗೆ ಅಂಟಿಸಬೇಡ, ಒಂದು ಗೇಣು ಬಿಟ್ಟು ತೂಗು ಹಾಕು. ಮೂಲೆಗೆ ಹಾಸಿಗೆ ನಿಲ್ಲಿಸು. ಕಿಟಕಿ ಗಾಜು ಮರೀಬೇಡ, ಅದೇ ಎಲ್ಲಕ್ಕಿಂತ ಕೆಟ್ಟದ್ದು."

ಭಾರದ್ದು, ದಪ್ಪದ್ದು ಎಂಬುದು ಆ ಮನೆಯಲ್ಲಿ ಒಂದೇ ಕಡೆ ಇತ್ತು, ಅತ್ತೆಯ ಮಂಚದ ಕೆಳಗೆ. ಮೂವತ್ತು ವರ್ಷ ಕೂತು ಹೆಣೆದ ಚಾಪೆಗಳು, ಹೆಂಗಸರೆಲ್ಲ ಸೇರಿ ಬಡಿದು ಬಣ್ಣ ಬರೆದ ಮರದ ತೊಗಟೆಯ ಬಟ್ಟೆ. ಲುಪೆಯವರು ತಮ್ಮ ಸಾವಿಗೆಂದು ಸುತ್ತಿಟ್ಟುಕೊಂಡದ್ದು ಅವು. ಅದನ್ನು ಕೇಳುವುದು ಹೇಗೆಂದು ಲೋಸಲೀನೆ ಮೂರು ದಿನ ಒದ್ದಾಡಿದಳು. ಶನಿವಾರ ಬೆಳಿಗ್ಗೆ, ಇಡೀ ರಾತ್ರಿ ಪೇಲೆಯನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿದ ಮೇಲೆ, ಒದ್ದಾಡಲೂ ತ್ರಾಣವಿಲ್ಲದೆ ನೇರವಾಗಿ ಕೇಳಿಬಿಟ್ಟಳು.

ಲುಪೆ ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದರು. ಚಾಕು ನಿಂತಿತು.

"ಎಷ್ಟು ಹೊತ್ತಿನ ತನಕ ಬೇಕು?"

"ಮಧ್ಯಾಹ್ನದವರೆಗೆ, ಅತ್ತೆ. ಒಂದು ಎಳೇನೂ ಹೋಗದ ಹಾಗೆ ಸುತ್ತಿ ಇಡ್ತೀನಿ."

"ನಾನು ಅಷ್ಟರೊಳಗೆ ಸಾಯಲ್ಲ ಅಂತ ಮಾತು ಕೊಡಬೇಕಾ ಹಾಗಾದ್ರೆ?" ಎಂದು ಚಾಕು ಮತ್ತೆ ಆಡಿಸಿದರು. "ತೆಗೆ. ಎತ್ತುವಾಗ ಸೊಂಟ ನೋಡ್ಕೋ. ಮಗೂನ ಇತ್ತ ಕೊಡು, ಹಿತ್ತಲಲ್ಲಿ ಮರದ ಕೆಳಗೆ ಮಲಗಿಸಿಕೊಳ್ತೀನಿ."

ಲೋಸಲೀನೆ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ತಂದು ಕೋಣೆಯ ಸುತ್ತ ಗೋಡೆಗೆ ಒಂದು ಗೇಣು ದೂರ ಕಟ್ಟಿದಳು. ಚಾಪೆಗಳನ್ನೂ ತೊಗಟೆಯ ಬಟ್ಟೆಯನ್ನೂ ಒಂದೊಂದಾಗಿ ಎಳೆದು ತೂಗುಹಾಕಿದಳು. ಎರಡು ಹಾಸಿಗೆಗಳನ್ನು ಮೂಲೆಗೆ ನಿಲ್ಲಿಸಿದಳು. ಉಳಿದದ್ದು ಕಿಟಕಿ. ಚಾಪೆ ಮುಗಿದಿದ್ದವು. ಕೋಣೆಯ ಬಟ್ಟೆ ಪೆಟ್ಟಿಗೆ ತೆರೆದರೆ ಮೇಲೆಯೇ ದಪ್ಪ ಬಟ್ಟೆಯ ಸುರುಳಿ ಇತ್ತು, ಕಪ್ಪೊಂದು, ನೇರಳೆಯೊಂದು. ಒಳಗಿನ ಸಿಮೆಂಟಿಗೆ ಮೊಳೆ ಹೊಡೆದರೆ ಬಗ್ಗಿತು. ಹೊರಗೆ ಕಿಟಕಿಯ ಮರದ ಚೌಕಟ್ಟಿಗೆ ಯಾರೋ ಮೊದಲೇ ಸಾಲಾಗಿ ಮೊಳೆ ಹೊಡೆದಿಟ್ಟಿದ್ದರು. ಸದ್ಯ, ಅಷ್ಟು ಕೆಲಸ ಉಳಿಯಿತು ಎಂದುಕೊಂಡು, ಗಾಜಿನ ಪಟ್ಟಿಗಳನ್ನು ಪೂರ್ತಿ ತೆರೆದು, ಆ ಮೊಳೆಗಳಿಗೇ ಎರಡೂ ಬಟ್ಟೆಗಳನ್ನು ಸಿಕ್ಕಿಸಿದಳು. ಮಿಕ್ಕದ್ದು ಜಗಲಿಯ ಕಟಕಟೆಯ ಮೇಲೆ ಇಳಿಬಿತ್ತು. ಇರಲಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮೊಳೆಗಳನ್ನು ಯಾಕೆ ಹೊಡೆದಿದ್ದರೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಾವ ಹೋದ ದಿನ, ಇದು ಸಾವಿನ ಮನೆ ಎಂದು ಊರಿಗೆ ತಿಳಿಸಲು, ಅದೇ ಕಪ್ಪು, ಅದೇ ನೇರಳೆ ಬಟ್ಟೆಯನ್ನು ಅಲ್ಲಿಯೇ ಕಟ್ಟಿದವಳು ಅವಳೇ. ನಿದ್ದೆಗೆಟ್ಟ ತಲೆಗೆ ಅದು ಹೊಳೆಯಲಿಲ್ಲ, ಅಷ್ಟೇ.

ಗಂಟೆಗೂ ಮಿಕ್ಕಿ ಚಾಪೆಗಳನ್ನು ಅತ್ತಿತ್ತ ಸರಿಸುತ್ತ ಒಳಗೆ ಚಪ್ಪಾಳೆ ತಟ್ಟಿ ನೋಡಿದಳು. ಬಾಲ ಅರ್ಧಕ್ಕರ್ಧ ಕಡಿಮೆಯಾಗಿತ್ತು, ಆದರೆ ಇತ್ತು. ಬರಿಯ ನೆಲ ಮತ್ತು ಮೇಲಿನ ಹಲಗೆಯ ನಡುವೆ ಎಲ್ಲೋ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹೊದಿಸಲು ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಹತ್ತೂವರೆಯಾಗಿತ್ತು. ಆದದ್ದಾಗಲಿ ಎಂದು ಫೋನನ್ನು ಎದುರಿಗಿಟ್ಟು ಓದತೊಡಗಿದಳು. ಮಳೆಯ ನೀರನ್ನು ತೊಟ್ಟಿಯಲ್ಲಿ ಹಿಡಿದಿಡುವ ಪಾಠ. ಎರಡನೇ ಪುಟದಲ್ಲಿ ಹೊರಗೆ ಅಳು ಕೇಳಿಸಿತು.

ಬಾಗಿಲು ತೆರೆದರೆ ಜಗಲಿಯಲ್ಲಿ ಎಂಟು ಹೆಂಗಸರು ಕಪ್ಪು ಬಟ್ಟೆಯುಟ್ಟು ಕೂತಿದ್ದರು. ಎಲ್ಲರ ಸೊಂಟಕ್ಕೂ ಸಾವಿನ ಮನೆಗೆ ಸುತ್ತಿಕೊಂಡು ಬರುವ ಚಾಪೆ. ಪಕ್ಕದ ಮನೆಯ ಆಟೆಲೈಟೆ ಎಲ್ಲರಿಗಿಂತ ಮುಂದಿದ್ದಳು. ಸತ್ತವರಿಗೆ ತೀರಾ ಹತ್ತಿರದ ಕಿರಿಯರು ಮಾತ್ರ ಉಡುವಂಥ, ಎದೆಯಿಂದ ಮೊಣಕಾಲಿನವರೆಗಿನ ಹರಕು ಚಾಪೆ ಉಟ್ಟು, ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮೆಟ್ಟಿಲ ಮೇಲೆ ಸುತ್ತಿದ ಎರಡು ಚಾಪೆ, ಕೆಸುವಿನ ಎಲೆಯಲ್ಲಿ ಕಟ್ಟಿದ ಮಾಂಸದ ಬುಟ್ಟಿ.

"ಯಾವಾಗ ಹೋದ್ರು ಕಣೇ?" ಎಂದಳು ಆಟೆಲೈಟೆ. "ನಿನ್ನೆ ಸಂಜೆ ನನ್ನ ಕೋಳಿಗೆ ಕಲ್ಲು ಹೊಡೆದು ಬೈದ್ರಲ್ಲೇ. ಎಷ್ಟು ಗಟ್ಟಿಯಾಗಿದ್ರು. ನಮಗೊಂದು ಮಾತು ಹೇಳಬಾರದಿತ್ತಾ?"

ಲೋಸಲೀನೆ ಕಿಟಕಿಯ ಕಡೆ ನೋಡಿದಳು. ಕಪ್ಪು ಬಟ್ಟೆ ಗಾಳಿಗೆ ಆಡುತ್ತಿತ್ತು. ಹೊಸಿಲ ಮೇಲೆಯೇ ಕೂತುಬಿಟ್ಟಳು. ಅದನ್ನು ನೋಡಿ ಅಳು ಇನ್ನೂ ಜೋರಾಯಿತು.

ಅಷ್ಟರಲ್ಲಿ ಮನೆಯ ಮೂಲೆ ತಿರುಗಿ ಲುಪೆ ಬಂದರು, ಮಗು ಸೊಂಟದಲ್ಲಿ. ಒಬ್ಬೊಬ್ಬರಾಗಿ ಸುಮ್ಮನಾದರು. ಲುಪೆ ಕಿಟಕಿ ನೋಡಿದರು, ಚಾಪೆ ನೋಡಿದರು, ಬುಟ್ಟಿ ನೋಡಿದರು.

"ಆಟೆಲೈಟೆ," ಎಂದರು ಕೊನೆಗೆ, "ನಾನು ಸತ್ತರೆ ಇಷ್ಟು ದೊಡ್ಡ ಚಾಪೆ ಉಡ್ತೀಯ ಅಂತ ಗೊತ್ತಿದ್ದಿದ್ರೆ ಕೋಳಿ ತಂಟೆಗೆ ಹೋಗ್ತಿರಲಿಲ್ಲ."

"ಅಯ್ಯೋ ಲುಪೆ ಅಕ್ಕ, ಜೀವ ಹಾರಿಹೋಗಿತ್ತು ನಂದು."

"ಹಾರಿಹೋದದ್ದು ನಂದಲ್ವೇನೇ? ನನ್ನ ಮಗನಿಗೆ ಫೋನ್ ಮಾಡಿದ್ರಾ?"

"ಇಲ್ಲ. ನಿಮ್ಮನ್ನ ನೋಡಿ ಆಮೇಲೆ ಮಾಡೋಣ ಅಂತ."

"ನೋಡಿದ್ರಲ್ಲ. ಮಾಡಬೇಡಿ."

ಯಾರೋ ಒಬ್ಬಳು ಕಿಸಕ್ಕೆಂದಳು. ಲೋಸಲೀನೆಗೆ ಮಾತ್ರ ನಗು ಬರಲಿಲ್ಲ. ತಪ್ಪಾಯಿತೆಂದು ಎಲ್ಲರೆದುರು ತಲೆ ಬಗ್ಗಿಸಿ ಹೇಳಿದಳು. ಮಾರ್ದನಿಯ ವಿಷಯ, ಮಾಸ್ತರರ ವಿಷಯ, ಹನ್ನೆರಡು ಗಂಟೆಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ, ಹೇಳಬಾರದೆಂದಿದ್ದ ಹತ್ತೊಂಬತ್ತು ಮಕ್ಕಳ ವಿಷಯವೂ ಬಾಯಿಗೆ ಬಂತು.

ಹೆಂಗಸರು ಏಳಲು ನೋಡಿದರು. ಸಾವಿಲ್ಲದ ಮನೆಯಲ್ಲಿ ಹೀಗೆ ಉಟ್ಟು ಕೂರುವುದೂ ಸರಿಯಲ್ಲ, ತಂದ ಊಟವನ್ನು ವಾಪಸ್ ಒಯ್ಯುವುದೂ ಸರಿಯಲ್ಲ. "ಬಿಸಿಲಲ್ಲಿ ಎಲ್ಲಿಗೆ ಹೋಗ್ತೀರಿ, ಒಳಗೆ ಬನ್ನಿ" ಎಂದು ಲುಪೆಯೇ ಬಾಗಿಲು ಪೂರ್ತಿ ತೆರೆದರು. ಎಂಟೂ ಜನ ಬಂದು, ಸಾವಿನ ಮನೆಯ ಅಭ್ಯಾಸದಂತೆ ಒತ್ತೊತ್ತಾಗಿ ನೆಲ ಕಾಣದ ಹಾಗೆ ಕೂತರು. ಗೋಡೆಯ ತುಂಬ ತೂಗುತ್ತಿದ್ದ ಲುಪೆಯ ಚಾಪೆಗಳ ಅಂಚನ್ನು ಕೈಗೆಟುಕಿದವರು ಮುಟ್ಟಿ ನೋಡಿದರು.

ಲೋಸಲೀನೆ ಫೋನ್ ಎತ್ತಿಕೊಳ್ಳಲು ಒಳಗೆ ಬಂದಳು. "ಆಟೆಲೈಟೆ ಅಕ್ಕ, ಸ್ವಲ್ಪ ಆ ಕಡೆ" ಎಂದಳು. ಎಂದವಳು ಅಲ್ಲೇ ನಿಂತಳು. ಅವಳ ಮಾತು ಬಾಯಿಂದ ಹೊರಟು ಎಲ್ಲಿಗೂ ಹೋಗಲಿಲ್ಲ, ತಿರುಗಿಯೂ ಬರಲಿಲ್ಲ. ಚಪ್ಪಾಳೆ ತಟ್ಟಿದಳು. ಮಣ್ಣಿನ ಮೇಲೆ ಕಾಯಿ ಬಿದ್ದ ಹಾಗೆ ಒಂದೇ ಸದ್ದು, ಅಷ್ಟೇ. ಮತ್ತೊಮ್ಮೆ ತಟ್ಟಿದಳು. ಎಂಟು ದಪ್ಪ ಮೈ, ಎಂಟು ಕಪ್ಪು ಉಡುಪು, ಎಂಟು ಸೊಂಟದ ಚಾಪೆ ಆ ಗುಂಯ್ ಎಂಬುದನ್ನು ನುಂಗಿಬಿಟ್ಟಿದ್ದವು.

"ಏಳಬೇಡಿ. ಹಾಗೇ ಕೂತಿರಿ. ಅರ್ಧ ಗಂಟೆ. ಕೆಮ್ಮಬಾರದು, ಬೀಸಣಿಗೆ ಆಡಿಸಬಾರದು."

"ನಾಳೆ ಬೆಳಗಿನ ತನಕ ಕೂತಿರು ಅಂದ್ರೂ ಕೂತಿರ್ತೀವಿ" ಎಂದಳು ಆಟೆಲೈಟೆ. "ಅದಕ್ಕೇ ತಾನೇ ಬಂದದ್ದು."

ಸುಮ್ಮನೆ ಕೂರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಗು ಲುಪೆಯ ತೊಡೆಯ ಮೇಲೆ ನಿದ್ದೆಹೋಯಿತು. ಲೋಸಲೀನೆ ಕೆಳಗೆ ಅವರ ನಡುವೆ ಕೂತು, ಫೋನನ್ನು ಒಂದು ಗೇಣು ದೂರ ಮಂಡಿಯ ಮೇಲಿಟ್ಟು, ಮೊದಲಿನಿಂದ ಓದಿದಳು. ದನಿ ದಣಿದಿತ್ತು. ಅದನ್ನು ಎತ್ತರಿಸಲು ಹೋಗಲಿಲ್ಲ. ಎದುರಿಗೆ ಕೂತವರಿಗೆ ಹೇಳುವಷ್ಟೇ ಹೇಳಿದಳು. ತೊಟ್ಟಿಗೆ ಮುಚ್ಚಳ ಯಾಕೆ ಬೇಕು ಎಂಬಲ್ಲಿ ಹಿಂದೆ ಕೂತ ಮುದುಕಿಯೊಬ್ಬಳು ಹೌದೌದೆಂದು ತಲೆಯಾಡಿಸಿದಳು. ಒಂದು ಕಡೆ ಹಂದಿ ಕಿರುಚಿತು, ಆ ವಾಕ್ಯವನ್ನು ಮತ್ತೆ ಓದಿದಳು. ಹನ್ನೊಂದು ಮುಕ್ಕಾಲಿಗೆ ಕಳಿಸಿದಳು.

ಬುಟ್ಟಿ ಬಿಚ್ಚಿದರು. ಊಟದ ನಡುವೆ ಫೋನ್ ಬಂತು. "ಬಾವಿಯಿಂದ ಮೇಲೆ ಬಂದೆ ನೋಡು" ಎಂದರು ಫೆಲೆಟಿ ಮಾಸ್ತರರು. "ಬುಧವಾರದ ಪಾಠವೂ ನಿಂದೇ. ಏನು ಮಾಡಿದೆಯಮ್ಮ ಕೋಣೆಗೆ?"

"ಜನ ತುಂಬಿಸಿದೆ, ಮಾಸ್ತರೇ."

ಅವರಿಗೆ ಅರ್ಥವಾಗಲಿಲ್ಲ. ವಿವರಿಸಲು ಇವಳಿಗೆ ಶಕ್ತಿ ಇರಲಿಲ್ಲ. ಬುಧವಾರ ಎಂದಾಗಲೇ ಆಟೆಲೈಟೆ ಬೆರಳೆಣಿಸತೊಡಗಿದ್ದಳು, ಯಾರು ಬಿಡುವಾಗಿದ್ದಾರೆ, ಯಾರು ಹೆಚ್ಚು ದಪ್ಪಗಿದ್ದಾರೆ ಎಂದು.

ಎಲ್ಲರೂ ಹೋದ ಮೇಲೆ ಮಾತು ಕೊಟ್ಟಂತೆ ಚಾಪೆಗಳನ್ನು ಒರೆಸಿ, ಸುತ್ತಿ, ಮಂಚದ ಕೆಳಗೆ ತಳ್ಳಿದಳು. ಆಟೆಲೈಟೆ ತಂದ ಎರಡು ಚಾಪೆ ಅಲ್ಲೇ ಇದ್ದವು. ಕೊಟ್ಟದ್ದನ್ನು ಹೊತ್ತುಕೊಂಡು ಹೋಗಲಾರೆ ಎಂದು ಬಿಟ್ಟುಹೋಗಿದ್ದಳು. ಹೊರಗೆ ಬಂದು ಕಪ್ಪು ಬಟ್ಟೆ ಇಳಿಸಿದಳು, ನೇರಳೆ ಇಳಿಸಿದಳು. ಇನ್ನೊಮ್ಮೆ ಹೀಗಾಗಬಾರದೆಂದು ಕಲ್ಲೊಂದನ್ನು ತಂದು ಮೊಳೆಗಳನ್ನು ಬಡಿದು ಕೀಳಲು ಹೊರಟಳು.

"ಅವನ್ನ ಬಿಡು" ಎಂದರು ಜಗಲಿಯಲ್ಲಿ ಕೂತ ಲುಪೆ. "ಬೇಕಾಗುತ್ತೆ. ಆವತ್ತು ಮೊಳೆ ಹುಡುಕ್ಕೊಂಡು ಅಲೆಯೋದು ಬೇಡ ನೀನು."

ಲೋಸಲೀನೆ ಕಲ್ಲು ಕೆಳಗಿಟ್ಟಳು. ಅತ್ತೆಯ ಪಕ್ಕಕ್ಕೆ ಬಂದು ಕಂಬಕ್ಕೆ ಒರಗಿ ಕೂತಳು. ಮಗು ಏಳುವುದಕ್ಕೆ ಇನ್ನೂ ಹತ್ತು ನಿಮಿಷವಿರಬಹುದು. ಲುಪೆ ಏನೋ ಕೇಳಿದರು. ತಿರುಗಿ ನೋಡಿದರೆ ಸೊಸೆಗೆ ಕೂತಲ್ಲೇ ನಿದ್ದೆ ಹತ್ತಿತ್ತು. ಮನೆಗೆ ಜನ ಬಂದರೆಂದು ತಾವೂ ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆಯನ್ನು ಬಿಚ್ಚಿ ಅವಳ ಕುತ್ತಿಗೆಯ ಹಿಂದೆ ಮಡಿಸಿಟ್ಟರು.